ಪಟ್ಟಿಯಲ್ಲಿಲ್ಲದ ದನಿ

ಹಿಂದೂಪುರದಿಂದ ಕಲ್ಯಾಣದುರ್ಗಕ್ಕೆ ಹೊರಟ ಬಸ್ಸು. ಮುಂದಿನ ಸೀಟಿನಲ್ಲಿ ಒಬ್ಬ ಹುಡುಗಿ, ಅವಳ ದೊಡ್ಡಮ್ಮ. ಕಿವಿ ಕೊಡದಿರಲು ನನ್ನಿಂದಾಗಲಿಲ್ಲ.

“ದೊಡ್ಡಮ್ಮಾ, ಕೆಟ್ಟೋಗಿದ್ದ ಕಂಪ್ಯೂಟರಿಂದ ಫೈಲೆಲ್ಲ ಬಂದ್ಬುಟ್ವು! ನಲವತ್ತು ಸಾವಿರ. ಒಂದಕ್ಕೂ ಹೆಸರಿಲ್ಲ.”

“ಅಷ್ಟ್ರಾಗೆ ಅಜ್ಜಿ ಹಾಡು ಹೆಂಗೆ ಹುಡುಕ್ತೀಯೇ ಸುಷ್ಮಾ?”

“ಪ್ರತಿ ಫೈಲಿಗೂ ಹ್ಯಾಶ್ ಅಂತ ನಂಬರ್ ಐತೆ, ಹೆಬ್ಬೆಟ್ಟಿನ ಗುರುತಿದ್ದಂಗೆ. ಹೆಸರು ಹೋದ್ರೂ ಅದು ಬದಲಾಗಲ್ಲ. ಎಲ್ಲಾ ಕಂಪ್ಯೂಟರಾಗೂ ಇರೋ ಕಂಪ್ನಿ ಸಾಫ್ಟ್‌ವೇರ್ ಫೈಲುಗಳ ನಂಬರ್ ಪಟ್ಟಿ ಸಿಕ್ತು. ಹೊಂದಿದ್ನೆಲ್ಲ ತೆಗೆದಾಕ್ದೆ.”

“ನಿಜಂಗಾ? ಉಳ್ದಿದ್ದು?”

“ಇನ್ನೂರು, ಎಲ್ಲಾ ನಮ್ಮವೇ! ಕೇಳು.”

ಫೋನಿನಲ್ಲಿ ಮುದುಕಿಯೊಬ್ಬಳ ಸೋಬಾನೆ ಪದ.

“ನಮ್ಮವ್ವ ಕಣೇ!”

ಸೋಬಾನೆಯಲ್ಲಿ ಒಬ್ಬರು ಹೇಳಿದ ಸೊಲ್ಲನ್ನು ಇನ್ನೊಬ್ಬರು ಎತ್ತಿಕೊಳ್ಳಬೇಕು. ಮುದುಕಿ ಸೊಲ್ಲು ಮುಗಿಸಿ ಕಾದಳು. ದೊಡ್ಡಮ್ಮ ಗಟ್ಟಿಯಾಗಿ ಎತ್ತಿಕೊಂಡರು. ರೊದ್ದಂನಲ್ಲಿ ಬಸ್ಸಿನ ಮೆಟ್ಟಿಲಿಳಿಯುವಾಗಲೂ ಅವ್ವನನ್ನು ಒಂಟಿಯಾಗಿ ಹಾಡಲು ಬಿಡಲಿಲ್ಲ.