ಮೆತೋದಿಯ ಕಣ್ಣಿಗೆ ಹೊಂದಿದ ಗಾಜು

ಕಲ್ಲಿನ ತೊಟ್ಟಿಗೆ ನೀರು ಬೀಳುವ ಸದ್ದು… ಬೂಟಿನಡಿ ಹಿಮದ ಕರಕರ… ಅಷ್ಟೇ. ಆ ರಾತ್ರಿ ದೊಂಕಾ ಪೈನ್ ಮರಗಳ ನಡುವೆ ಒಬ್ಬಳೇ ದುರ್ಬೀನಿನ ಗುಮ್ಮಟಕ್ಕೆ ಹತ್ತಿ ಹೋದಳು. ಅವಳು ನಮ್ಮ ಪಕ್ಕದ ಮನೆಯವಳು. ಹುಟ್ಟಿದೂರು ಬಿಟ್ಟು ಬಂದು ರೊದೋಪಿ ಬೆಟ್ಟದ ಈ ಊರಲ್ಲೇ ನಾನು ಮುದುಕಿಯಾದೆ. ಅವಳ ಬಾಯಲ್ಲಿ ಸುಳ್ಳು ಕೇಳಿಲ್ಲ.

ಮೊದಲೆಲ್ಲ ಗಂಡ ಮೆತೋದಿ ಜೊತೆಗಿರುತ್ತಿದ್ದ. ಅವನು ತೀರಿಕೊಂಡು, ಸತ್ತವರ ಹೆಸರಲ್ಲಿ ನಲವತ್ತನೆಯ ದಿನ ಗೋಧಿ ಬೇಯಿಸಿ ಹಂಚುವುದು ಇನ್ನೂ ಬಾಕಿ ಇತ್ತು.

ಇಬ್ಬರೂ ದೂರದ ಒಂದು ಸುರುಳಿ ಗೆಲಾಕ್ಸಿಯ ಚಿತ್ರ ತೆಗೆಯುತ್ತಿದ್ದರು. ಆಗ ಗಾಜಿನ ಫಲಕದ ಮೇಲೆ ರಾತ್ರಿಯಿಡೀ ಮೂಡಬೇಕಿತ್ತು ಚಿತ್ರ. ಒಬ್ಬರು ದುರ್ಬೀನಿನ ಕಣ್ಣುಗಾಜಿನಲ್ಲಿ ಒಂದು ನಕ್ಷತ್ರವನ್ನು ಗೆರೆಗಳ ನಡುವೆ ಹಿಡಿದಿರಬೇಕು. ಜಾರಿದರೆ ಗುಂಡಿ ಒತ್ತಿ ದುರ್ಬೀನನ್ನು ಸರಿಸಬೇಕು… ಟಿಕ್. ತೂಕಡಿಸಿದರೆ ನಕ್ಷತ್ರಗಳೆಲ್ಲ ಗೀರಾಗಿಬಿಡುತ್ತವೆ. ಅದಕ್ಕೇ ಸರದಿ. "ನೀ ಮಲಗೇ, ಆದ್ರೆ ಗೊರಕೆ ಬೇಡ, ನಕ್ಷತ್ರ ಅಲ್ಲಾಡ್ತವೆ" ಅಂತ ಅವನು ರೇಗಿಸುತ್ತಿದ್ದನಂತೆ.

ಈಗ ಒಬ್ಬಳೇ. ಈ ಫಲಕ ಕೆಟ್ಟರೆ ಬೆಟ್ಟ ಇಳಿದು ಕಚೇರಿಯಲ್ಲಿ ಕೂರಬೇಕು ಅಂತ ಮೇಲಿನವರು ಹೇಳಿಯಾಗಿತ್ತು. ಅವಳಿಗೆ ಉಳಿದಿದ್ದು ಆ ಗುಮ್ಮಟ ಒಂದೇ.

ಈ ಊರಲ್ಲಿ ಮಾಡುವ ಹಾಗೆ, ಮೊದಲ ಗುಟುಕು ಸಾರಾಯಿಯನ್ನು ಸತ್ತವನಿಗೆಂದು ನೆಲಕ್ಕೆ ಚೆಲ್ಲಿದಳು. ಕಣ್ಣುಗಾಜನ್ನು ತನ್ನ ಕಣ್ಣಿಗೆ ಹೊಂದುವಂತೆ ತಿರುಗಿಸಿಕೊಂಡು ಕೂತಳು. ಮೆತೋದಿಯದು ದಪ್ಪ ಕನ್ನಡಕದ ಕಣ್ಣು. ಅವನಿಗೆ ಹೊಂದಿದ್ದು ಅವಳಿಗೆ ಬರೀ ಮಬ್ಬು.

ಚಳಿ… ದೀಪ ಹಚ್ಚುವಂತಿಲ್ಲ. ಯಾವಾಗ ಎದ್ದು ಹೋಗಿ ಮಲಗಿದಳೋ… ಅವಳಿಗೇ ಗೊತ್ತಿಲ್ಲ.

ಟಿಕ್… ಟಿಕ್ ಟಿಕ್…

ನಿದ್ದೆಗಣ್ಣಲ್ಲೇ, ಹಳೇ ರೂಢಿಯಂತೆ ಕೇಳಿದಳಂತೆ. "ನಾ ಬರ್ಲಾ?"

"ಬೇಡ… ಮಲಗು."

ಎಚ್ಚರವಾದಾಗ ಬೆಳಕು ಹರಿಯುತ್ತಿತ್ತು. ಗೋಡೆ ಬದಿಯ ಮಂಚದ ಮೇಲಿದ್ದಳು. ಫಲಕಕ್ಕೆ ಮುಚ್ಚಳ ಹಾಕಿತ್ತು. ಎಲ್ಲ ಮುಗಿಯಿತು ಅಂದುಕೊಂಡೇ, ಚಿತ್ರ ಮೂಡಿಸಲು ಫಲಕವನ್ನು ಮದ್ದಿನ ನೀರಲ್ಲಿ ತೊಳೆದಳು. ಸುರುಳಿಯ ತೋಳುಗಳು ಒಂದೊಂದೂ ಸ್ಪಷ್ಟ. ನಕ್ಷತ್ರಗಳೆಲ್ಲ ಸೂಜಿಮೊನೆಯ ಚುಕ್ಕೆಗಳು. ಅವಳನ್ನು ಬೆಟ್ಟದಿಂದ ಯಾರೂ ಇಳಿಸಲಿಲ್ಲ.

"ನಿದ್ದೇಲಿ ನೀನೇ ಒತ್ತಿರ್ತೀಯ ಬಿಡೇ" ಅಂದೆ ನಾನು.

ಸಂಜೆ ಕತ್ತಲಾದ ಮೇಲೆ ಅವಳು ನನ್ನ ಕೈ ಹಿಡಿದು ಗುಮ್ಮಟಕ್ಕೆ ಕರೆದೊಯ್ದು, "ರಾತ್ರಿಯಿಂದ ಕಣ್ಣುಗಾಜು ಯಾರೂ ಮುಟ್ಟಿಲ್ಲ. ನೋಡಕ್ಕ" ಅಂದಳು. ದೂರದ್ದು ನೋಡಲು ನನಗೂ ಅವಳಂತೆ ಕನ್ನಡಕ ಬೇಡ. ಕಣ್ಣಿಟ್ಟೆ.

ಬರೀ ಮಬ್ಬು.

ಇದು ಯಾರೋ ಹೇಳಿದ್ದಲ್ಲ, ಆ ಮಬ್ಬನ್ನು ನಾನೇ ನೋಡಿದ್ದೇನೆ. ಗಾಜನ್ನು ಮತ್ತೆ ತನ್ನ ಕಣ್ಣಿಗೆ ತಿರುಗಿಸಿಕೊಳ್ಳಲು ಅವತ್ತು ದೊಂಕಾ ಬಹಳ ಹೊತ್ತು ತೆಗೆದುಕೊಂಡಳು.