ಫ್ಯೂಜಿಗಿಂತ ಮೊದಲು ಹಾಕಿದ ಕೊಕ್ಕೆ

ನಾನು ಮೌನೇಶ ತಂದೆ ಹೊಳೆಯಪ್ಪ ಬಡಿಗೇರ, ವಯಸ್ಸು 61 ವರ್ಷ, ಉದ್ಯೋಗ: ವಿದ್ಯುತ್ ಇಲಾಖೆಯ ನಿವೃತ್ತ ಮೀಟರ್ ಪರೀಕ್ಷಕ, ಸಾಕಿನ್: ಬೆಟಗೇರಿ, ಗದಗ-ಬೆಟಗೇರಿ. ಇಂದು ದಿನಾಂಕ 09-10-2025 ಗುರುವಾರ ಸಂಜೆ 4 ಗಂಟೆ 20 ನಿಮಿಷಕ್ಕೆ ಠಾಣೆಯಲ್ಲಿ ಕೂತಿದ್ದ ಕುರ್ಚಿಯಿಂದ ಎದ್ದು ನಿಂತು, ಯಾರೂ ಒತ್ತಾಯ ಮಾಡದೆ ನಾನಾಗಿಯೇ ಈ ಮೂಲಕ ತಿಳಿಸುವುದೇನೆಂದರೆ:

ನನ್ನ ಮಗಳು ಮಮತಾ, ವಯಸ್ಸು 29, ತನ್ನ ಮೋಟಾರ್ ಸೈಕಲ್ಲಿನಲ್ಲಿ ಯಾರೋ ಅಪರಿಚಿತರು ತಾನು ಹೋದಲ್ಲೆಲ್ಲ ಜಾಗ ತೋರಿಸುವ ಯಂತ್ರ ಬಚ್ಚಿಟ್ಟಿದ್ದಾರೆ ಎಂದು ಇಂದು ಬೆಳಿಗ್ಗೆ ಇದೇ ಠಾಣೆಗೆ ಅರ್ಜಿ ಕೊಟ್ಟಿದ್ದಾಳೆ. ಆ ಅಪರಿಚಿತ ನಾನೇ. ಬೆಟಗೇರಿಯ ಗ್ಯಾರೇಜಿನ ಮುರ್ತುಜಾ ತಂದೆ ಖಲೀಲ ನದಾಫ, ವಯಸ್ಸು 43, ಬೆಳಿಗ್ಗೆ 11-30ರಿಂದ ವಿಚಾರಣೆಗೆಂದು ಇಲ್ಲಿ ಕೂತಿದ್ದಾನೆ. ಅವನಿಗೂ ಇದಕ್ಕೂ ಏನೇನೂ ಸಂಬಂಧವಿಲ್ಲ. ಹೇಳಿಕೆ ಬರೆದುಕೊಳ್ಳುತ್ತಿರುವ ಕಾನ್‌ಸ್ಟೇಬಲ್ ವನಿತಾ ಅವರು ಮೊದಲಿನಿಂದ ಕ್ರಮವಾಗಿ ಹೇಳಿ ಅಂದರು. ಇದನ್ನು ಮೊದಲು ಬರೆಯಿರಿ, ಆಮೇಲೆ ಕ್ರಮ ನೋಡೋಣ ಎಂದು ನಾನು ಹಟ ಹಿಡಿದೆ.

ನಾನು 31 ವರ್ಷ ನೌಕರಿ ಮಾಡಿದ್ದೇನೆ. ಮುಂಡರಗಿ, ಶಿರಹಟ್ಟಿ ಕಡೆಯ ಹಳ್ಳಿಗಳಲ್ಲಿ ಮೀಟರಿಗೆ ಬರುವ ಮೊದಲೇ ತಂತಿಗೆ ಕೊಕ್ಕೆ ಹಾಕಿ ಕರೆಂಟು ಕದಿಯುವವರನ್ನು ಹಿಡಿಯುವುದು ನನ್ನ ಕೆಲಸವಾಗಿತ್ತು. ಸಿಕ್ಕವರನ್ನು ಅವರ ಹೆಂಡಿರು ಮಕ್ಕಳ ಎದುರಿಗೇ, ಹೊಟ್ಟಿಗಿ ಏನ ತಿಂತೀರಿ ಅಂತ ಬೈದಿದ್ದೇನೆ. ನನ್ನ ಬಾಯಿ ಕೆಟ್ಟದ್ದು ಎಂದು ಮೂರು ತಾಲೂಕಿಗೆ ಗೊತ್ತು.

ಹೆಂಡತಿ ತೀರಿಕೊಂಡು ಆರು ವರ್ಷವಾಯಿತು. ಮನೆಯಲ್ಲಿ ನಾನು, ಮಗಳು ಇಬ್ಬರೇ. ಮಮತಾ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸದಲ್ಲಿದ್ದಾಳೆ. ಎರಡು ವರ್ಷದ ಹಿಂದೆ ತನ್ನ ಸ್ವಂತ ದುಡಿಮೆಯಲ್ಲಿ ದೂರ ಪ್ರಯಾಣದ ಮೋಟಾರ್ ಸೈಕಲ್ ತೆಗೆದುಕೊಂಡಳು. ಗಾಡಿಯ ತೂಕ 199 ಕಿಲೋ. ವಾರವಿಡೀ ಅದು ಹಿತ್ತಲಿನ ತಗಡಿನ ಶೆಡ್ಡಿನಲ್ಲಿ ನಿಂತಿರುತ್ತದೆ, ಶನಿವಾರ ರವಿವಾರ ಅವಳು ಸುತ್ತಾಡಲು ಹೋಗುತ್ತಾಳೆ. ಗಾಡಿ ಎಲ್ಲಿ ನಿಲ್ಲಿಸಿದರೂ ನನಗೆ ಫೋನು ಮಾಡುವುದು ಅವಳ ರೂಢಿ. ಅಪ್ಪಾ, ಶಿರಹಟ್ಟಿಯೊಳಗ ಚಾ ಕುಡ್ಯಾಕತ್ತೀನಿ, ಈ ಕಡೆ ಮೋಡ ಆಗೇತಿ, ಒಣಗಾಕಿದ್ದ ಅರಿವಿ ತಗದಿಡು, ಇಷ್ಟೇ ಮಾತು. ನಾನು ಹೂಂ ಅಂದು ಇಡುತ್ತಿದ್ದೆ.

ದಿನಾಂಕ 03-08-2025ರಂದು ಮುಂಡರಗಿಯಲ್ಲಿ ಒಂದು ನಿಶ್ಚಿತಾರ್ಥಕ್ಕೆ ಹೋಗಿದ್ದೆ. ಊಟದ ಪಂಕ್ತಿಯಲ್ಲಿ ನನ್ನ ಚಿಕ್ಕಪ್ಪನ ಮಗ ಯಂಕಪ್ಪ ಪಕ್ಕಕ್ಕೆ ಕೂತು, ನಿನ್ನ ಮಗಳ ಗಾಡಿ ಲಕ್ಷ್ಮೇಶ್ವರದಾಗ ನಿಂತಿತ್ತಪಾ, ಬಾಜೂಕ ಒಬ್ಬಾಂವ ಇದ್ದ, ಇಬ್ಬರೂ ನಗಾಕತ್ತಿದ್ರು, ನನಗ್ಯಾಕ ಬೇಕು ಮಂದಿ ಮನಿ ಸುದ್ದಿ, ಕಂಡದ್ದ ಹೇಳೀನಿ ಅಂದ. ನಾನು ಹೋಳಿಗೆ ಅರ್ಧಕ್ಕೆ ಬಿಟ್ಟು ಎದ್ದೆ. ಮನೆಗೆ ಬಂದು ಮಗಳನ್ನು ಕೇಳಬಹುದಿತ್ತು. ಕೇಳಲಿಲ್ಲ.

ದಿನಾಂಕ 10-08-2025 ರವಿವಾರ ಬೆಳಿಗ್ಗೆ 8-05ಕ್ಕೆ ಮಮತಾ ತಲೆ ತೊಳೆದುಕೊಳ್ಳಲು ಬಚ್ಚಲಿಗೆ ಹೋದಳು. 8-30ರೊಳಗೆ ನಾನು ಸೀಟು ಬಿಚ್ಚಿ, ಬೆಂಕಿಪೊಟ್ಟಣದಷ್ಟು ದೊಡ್ಡದಾದ ಯಂತ್ರವನ್ನು ಹಿಂದಿನ ದೀಪದ ಒಳಭಾಗದಲ್ಲಿ ಕಟ್ಟಿ, ಅದರ ವೈರನ್ನು ಫ್ಯೂಜುಗಳಿಗಿಂತ ಮೊದಲು ನೇರ ಬ್ಯಾಟರಿಗೆ ಜೋಡಿಸಿದೆ. ಮುಂದೆ ಯಾರಾದರೂ ಫ್ಯೂಜು ತೆಗೆದು ಹುಡುಕಿದರೂ ಸಿಗಬಾರದೆಂದು ಹಾಗೆ ಮಾಡಿದೆ. ಈ ಉಪಾಯವನ್ನು ನಾನು ಹಿಡಿದ ಕಳ್ಳರಿಂದಲೇ ಕಲಿತದ್ದು. ಬೇಲಿಯೇ ಎದ್ದು ಹೊಲ ಮೇಯ್ದ ಹಾಗಾಯಿತು. ಯಂತ್ರದ ಸಿಮ್ಮು ನನ್ನ ಹೆಸರಿನದು, ಜಾಗ ಕಾಣುತ್ತಿದ್ದುದು ನನ್ನ ಫೋನಿನಲ್ಲಿ.

ಆ ದಿನದಿಂದ ಒಂದು ವಹಿಯಲ್ಲಿ ಗಾಡಿ ನಿಂತ ಊರು, ಸಮಯ, ಪಕ್ಕದಲ್ಲಿ ಮಗಳ ಫೋನು ಬಂದ ಸಮಯ ಬರೆದಿಡತೊಡಗಿದೆ. ಸದರಿ ವಹಿಯನ್ನು ಹಾಜರುಪಡಿಸಿದ್ದೇನೆ. ಒಟ್ಟು 17 ಸಲ ಗಾಡಿ ನಿಂತಿದೆ, 17 ಸಲವೂ ಐದು ನಿಮಿಷದೊಳಗೆ ಫೋನು ಬಂದಿದೆ, ಅವಳು ಹೇಳಿದ ಊರು ಒಂದು ಸಲವೂ ತಪ್ಪಿಲ್ಲ. ದಿನಾಂಕ 23-08-2025ರಂದು ಗಾಡಿ ಲಕ್ಷ್ಮೇಶ್ವರದಲ್ಲಿ 35 ನಿಮಿಷ ನಿಂತಿತು. ನಿಂತ ನಾಲ್ಕೇ ನಿಮಿಷಕ್ಕೆ ಫೋನು ಬಂದಿತ್ತು. ಅಪ್ಪಾ, ಪಂಕ್ಚರ್ ಆತು, ಹೋದ ತಿಂಗಳು ಹಾಕಿದ ಶಾಹಬಾಜನ ಕಡೆನೇ ಬಂದೀನಿ, ಭಾಳ ನಗಸತಾನ ಈ ಮನಿಷಾ, ಅಂದಳು. ಯಂಕಪ್ಪ ಕಂಡ ಗಂಡಸು ಆ ಪಂಕ್ಚರ್ ಅಂಗಡಿಯವನೇ. ಅಂದೇ ಯಂತ್ರ ತೆಗೆಯಬೇಕಿತ್ತು. ಇನ್ನೊಂದು ಶನಿವಾರ ನೋಡಿ ತೆಗೆದರಾಯಿತು ಅಂದುಕೊಂಡೆ. ನೋಡುವ ಚಟ ಹತ್ತಿತ್ತು, ಇದನ್ನು ಹೇಳಲು ನನಗೆ ನಾಚಿಕೆಯಾಗುತ್ತದೆ.

ದಿನಾಂಕ 13-09-2025 ಶನಿವಾರ ಬೆಳಿಗ್ಗೆ 6-15ಕ್ಕೆ ಗಾಡಿ ಚಾಲೂ ಆಗಲಿಲ್ಲ, ಗುಂಡಿ ಒತ್ತಿದರೆ ಟಕ್ ಟಕ್ ಎಂದಷ್ಟೇ ಸದ್ದು. ಮಗಳು ಮೀಟರ್ ತಂದು ನನ್ನ ಕೈಗೆ ಕೊಟ್ಟು, ನೋಡಪಾ, ಇದು ನಿನ್ನ ಇಲಾಖೆ ಕೆಲಸ, ಎಂದು ನಕ್ಕಳು. 11.4 ವೋಲ್ಟ್ ಇತ್ತು, ನಿಂತ ಗಾಡಿಗೆ 12.6 ಇರಬೇಕು. ತಗಡಿನ ಶೆಡ್ಡಿನಲ್ಲಿ ಸಿಗ್ನಲ್ ಸಿಗದೆ ಯಂತ್ರ ಹಗಲು ರಾತ್ರಿ ಹುಡುಕುತ್ತ ಬ್ಯಾಟರಿ ಹೀರುತ್ತಿದೆ ಎಂಬುದು ನನಗೆ ಎರಡೇ ನಿಮಿಷದಲ್ಲಿ ತಿಳಿಯಿತು. ನಾನು ಹೇಳಿದ್ದು, ಬ್ಯಾಟರಿಗಿ ವಯಸ್ಸಾಗೇತಿ ಬಿಡು, ಹೊಸಾದ ಹಾಕಸು, ಎಂದು. ಅಂದೇ ಮುರ್ತುಜಾನ ಗ್ಯಾರೇಜಿನಲ್ಲಿ ಹೊಸ ಬ್ಯಾಟರಿ ಹಾಕಿಸಿದಳು.

ದಿನಾಂಕ 27-09-2025 ಶನಿವಾರ ಮತ್ತೆ ಅದೇ ಕಥೆ. ಚಾರ್ಜಿಂಗ್ ಸರಿ ಇಲ್ಲ, ರೆಗ್ಯುಲೇಟರ್ ಹೋಗಿದೆ ಎಂದೆ. ಗ್ಯಾರೇಜಿನಲ್ಲಿ ಮುರ್ತುಜಾ ಇಂಜಿನ್ನು ಏರಿಸಿ ಅಳೆದು, 14.2 ಐತ್ರಿ ಸಾಹೇಬ್ರ, ಚಾರ್ಜಿಂಗ್ ಛಲೋ ಐತಿ, ನಿಂತಾಗ ಎಲ್ಲೋ ಸೋರಾಕತ್ತೈತಿ, ಮೂರು ದಿನ ಗಾಡಿ ಬಿಡ್ರಿ ಹುಡಕತೀನಿ, ಅಂದ. ಅವನು ಹೇಳಿದ್ದು ಅಕ್ಷರಶಃ ಖರೆ. ಗಾಡಿ ಬಿಟ್ಟರೆ ಸಿಕ್ಕಿಬೀಳುತ್ತೇನೆಂದು ನಾನು ಮಗಳ ಎದುರಿಗೇ, ನಿನ್ನ ಕಡೆ ಬಂದಮ್ಯಾಲೇ ಗಾಡಿ ಕೆಟ್ಟೈತಿ, ಹೊಸಾ ಬ್ಯಾಟರಿ ಅಂತ ಹಳೇದ ಹಾಕೀಯೇನಲೇ, ಅಂದೆ. ಅವನ ಮುಖ ಸಣ್ಣದಾಯಿತು. ರೆಗ್ಯುಲೇಟರ್ ಬದಲಿಸಿಕೊಟ್ಟ.

ಇದೇ ಮುರ್ತುಜಾ ಇಪ್ಪತ್ತು ವರ್ಷದ ಹಿಂದೆ ನನ್ನ ಕೈಕೆಳಗೆ ಎರಡು ವರ್ಷ ಗುತ್ತಿಗೆ ಕೆಲಸ ಮಾಡಿದವನು. ವೈರ್ ಕಟ್ಟುವುದನ್ನು ಅವನಿಗೆ ನಾನೇ ಕಲಿಸಿದ್ದು.

ಆಯುಧ ಪೂಜೆಯ ದಿನ ಮಮತಾ, ಗಾಡಿಗಿ ಯಾರದೋ ಕಣ್ಣು ಬಿದ್ದೈತಪಾ, ನಿನ್ನ ಕೈಯಾರೆ ಲಿಂಬಿಹಣ್ಣು ಕಟ್ಟು, ಎಂದಳು. ಕಟ್ಟಿದೆ. ಕಾಯಿ ಒಡೆದೆ. ಸೀಟಿಗೆ ಕುಂಕುಮ ಹಚ್ಚಿದೆ.

ದಿನಾಂಕ 05-10-2025 ರವಿವಾರ ಬೆಳಿಗ್ಗೆ ಚಾರ್ಜರ್ ಹಚ್ಚಿ ಗಾಡಿ ಚಾಲೂ ಮಾಡಿಕೊಂಡು ಹೋದಳು. 10-30ಕ್ಕೆ ಬಾಳೆಹೊಸೂರ ಮಠ ಮುಟ್ಟಿದೆನೆಂದು ಫೋನು ಬಂತು. ಪದೇ ಪದೇ ಬರಿದಾಗಿ ಹೊಸ ಬ್ಯಾಟರಿಯೂ ಸತ್ವ ಕಳೆದುಕೊಂಡಿತ್ತು. 12-10ಕ್ಕೆ ನನ್ನ ಫೋನಿನಲ್ಲಿ ಗಾಡಿಯ ಗುರುತು ಲಕ್ಷ್ಮೇಶ್ವರದ ದಿಕ್ಕಿಗೆ ಅಲುಗಾಡಿತು. ವೇಗ ಗಂಟೆಗೆ ಎರಡೂವರೆ ಕಿಲೋಮೀಟರ್. ಅಷ್ಟು ನಿಧಾನ ಗಾಡಿ ಓಡುವುದಿಲ್ಲ. ಮಗಳು 199 ಕಿಲೋ ಗಾಡಿಯನ್ನು ಬಿಸಿಲಿನಲ್ಲಿ ತಳ್ಳುತ್ತಿದ್ದಾಳೆಂದು ನನಗೆ ತಿಳಿಯಿತು. ಫೋನು ಕೈಯಲ್ಲೇ ಇತ್ತು. ಫೋನು ಮಾಡಿ ಏನೆಂದು ಕೇಳಲಿ? ನಿನಗೆ ಹೇಗೆ ಗೊತ್ತಾಯಿತು ಅಂದರೆ ಏನು ಹೇಳಲಿ? 42 ನಿಮಿಷ, 1.8 ಕಿಲೋಮೀಟರ್, ಅವಳು ತಳ್ಳುವುದನ್ನು ಕುರ್ಚಿಯಲ್ಲಿ ಕೂತು ನೋಡಿದೆ. ನಡುವೆ ನಾಲ್ಕು ಸಲ ಗುರುತು ನಿಂತಿತು. ದಣಿವಾರಿಸಿಕೊಳ್ಳುತ್ತಿದ್ದಾಳೆ ಅಂದುಕೊಂಡೆ.

12-55ಕ್ಕೆ ಅವಳೇ ಫೋನು ಮಾಡಿ, ಅಪ್ಪಾ, ಬ್ಯಾಟರಿ ಮತ್ತ ಕುಂತೈತಿ, ನೀ ಅಂಜತೀ ಅಂತ ಇಷ್ಟೊತ್ತು ಫೋನು ಮಾಡಲಿಲ್ಲ, ಗೂಡ್ಸ್ ಗಾಡಿಯವರು ಒಬ್ರು ನಿಂತಾರ, ಏರಿಸಿಕೊಂಡು ಬರತೀನಿ, ಎಂದಳು. ಹೌದಾ, ಎಲ್ಲಿದ್ದೀ ಈಗ, ಎಂದು ಕೇಳಿದೆ. ಸಂಜೆ ಅವಳ ಅಂಗೈಯ ಗುಳ್ಳೆಗಳಿಗೆ ಮುಲಾಮು ಹಚ್ಚಿದೆ. ಆಗಲೂ ಹೇಳಲಿಲ್ಲ.

ದಿನಾಂಕ 06-10-2025ರಂದು ನನ್ನ ಮಾತು ಕೇಳದೆ ಅವಳು ಗಾಡಿಯನ್ನು ಮುರ್ತುಜಾನ ಹತ್ತಿರ ಬಿಟ್ಟಳು. ಇಂದು ಬೆಳಿಗ್ಗೆ 9-20ಕ್ಕೆ ಅವನ ಫೋನು ಬಂತು, 9-50ಕ್ಕೆ ನಾವಿಬ್ಬರೂ ಹೋದೆವು. ಚಾವಿ ಬಂದ್ ಇದ್ದಾಗ 86 ಮಿಲಿಆಂಪ್ ಸೋರುತ್ತಿತ್ತು. ಏಳು ಫ್ಯೂಜು ತೆಗೆದರೂ ಅಂಕಿ ಇಳಿಯಲಿಲ್ಲವೆಂದು ಅವನು ಬ್ಯಾಟರಿಯ ವೈರಿನ ಬೆನ್ನು ಹತ್ತಿ ಹೋಗಿದ್ದ. ಕೊಕ್ಕೆ ಬಿಚ್ಚಿದೊಡನೆ ಅಂಕಿ ಒಂದಕ್ಕೆ ಇಳಿಯಿತು. ಅವನು ಯಂತ್ರ ತೋರಿಸಿದಾಗ ಮಮತಾ ಗ್ಯಾರೇಜಿನ ಮೆಟ್ಟಿಲ ಮೇಲೆ ಕುಸಿದು ಕೂತಳು. ಯಾರೋ ನನ್ನ ಬೆನ್ನ ಹತ್ಯಾರಪಾ, ಎಲ್ಲಾ ನೋಡ್ಯಾರ, ಎಂದು ನನ್ನ ತೋಳನ್ನೇ ಗಟ್ಟಿಯಾಗಿ ಹಿಡಿದುಕೊಂಡಳು.

10-45ಕ್ಕೆ ಅವಳು ಇಲ್ಲಿ ಅರ್ಜಿ ಕೊಟ್ಟಳು. ಗಾಡಿ ಯಾರ ಯಾರ ಕೈಗೆ ಸಿಗುತ್ತಿತ್ತು ಎಂದು ಸಬ್ ಇನ್‌ಸ್ಪೆಕ್ಟರ್ ಸಾಹೇಬರು ಕೇಳಿದ್ದಕ್ಕೆ, ಮೂರು ಸಲ ಮುರ್ತುಜಾನ ಗ್ಯಾರೇಜಿನಲ್ಲಿತ್ತು ಎಂದು ನಾನು ಹೇಳಿದೆ. ಸಾಹೇಬರು ಅವನನ್ನು ಕರೆಸಿದರು.

ಮಧ್ಯಾಹ್ನ 1-40ಕ್ಕೆ ಅವನ ತಾಯಿ ಹಾಜಿರಾಬಿ ಬುತ್ತಿ ಹಿಡಿದು ಬಂದಳು. ಬೆಂಚಿನ ಮೇಲೆ ನನ್ನನ್ನು ಕಂಡು, ಅಯ್ಯ ಸಾಹೇಬ್ರ, ನೀವ ಅದೀರಿ, ಚಲೋ ಆತು, ನನ್ನ ಮಗಾ ಹೆಣ್ಣಮಕ್ಕಳ ತಂಟೇಕ ಹೋಗಾವಲ್ಲಂತ ನೀವೊಂದು ಮಾತು ಹೇಳ್ರಿ, ಇನ್ನ ಯಾರು ಅವನ ಕಡೆ ಗಾಡಿ ಬಿಡತಾರ, ಅಂದಳು. ನೋಡೂಣ ತಾಯಿ, ಎಂದೆ. ಆಕೆ ನನಗೂ ಒಂದು ರೊಟ್ಟಿ ಕೊಟ್ಟಳು. ತಿನ್ನಲಾಗದೆ ಕಿಸೆಯಲ್ಲಿಟ್ಟುಕೊಂಡೆ, ಅದು ಈಗಲೂ ಅಲ್ಲೇ ಇದೆ.

ಸಂಜೆ 4-15ಕ್ಕೆ ಸಾಹೇಬರು ಮೂವರನ್ನೂ ಒಳಗೆ ಕರೆದು ಯಂತ್ರವನ್ನು ಮೇಜಿನ ಮೇಲಿಟ್ಟು, ಸಿಮ್ಮಿನ ಮಾಹಿತಿ ನಾಳೆ ಬರುತ್ತದೆ ಎಂದರು. ಅದಕ್ಕೆ ಸುತ್ತಿದ ಕಪ್ಪು ಟೇಪಿನ ಕೊನೆ ಒಳಗೆ ಮಡಚಿತ್ತು. ಬಿಚ್ಚುವವನಿಗೆ ಉಗುರು ಹಾಕಲು ಜಾಗ ಇರಬೇಕೆಂದು ಹಾಗೆ ಮಡಚುವುದು ನನ್ನ ರೂಢಿ, ಮುರ್ತುಜಾನಿಗೆ ನಾನೇ ಹೇಳಿಕೊಟ್ಟದ್ದು. ಹೀಗೆ ಯಾರು ಸುತ್ತುತ್ತಾರೆ, ಗೊತ್ತೇನು, ಎಂದು ಸಾಹೇಬರು ಅವನನ್ನೇ ಕೇಳಿದರು. ಅವನು ಟೇಪು ನೋಡಿದ, ನನ್ನನ್ನು ನೋಡಿದ, ಮಮತಾಳನ್ನು ನೋಡಿದ. ಗೊತ್ತಿಲ್ರಿ, ಅಂದ. ನಾನು ಎದ್ದು ನಿಂತೆ.

ನಾನೇ ಮಾಡಿದ್ದು ಎಂದು ಹೇಳಿದ ಮೇಲೆ ಮುರ್ತುಜಾನನ್ನು ಯಾಕೆ ಸುಳ್ಳು ಹೇಳಿದಿ ಎಂದು ಕೇಳಿದೆ. ಬೆಳಿಗ್ಗೆ ಬಿಚ್ಚೂವಾಗನೇ ಗೊತ್ತಾತ್ರಿ, ಮಗಳ ಮುಂದ ಅಪ್ಪನ ಹೆಸರ ನಾ ಹೆಂಗ ತಗೀಲಿ, ನೀವ ಹೇಳತೀರಿ ಅಂತ ಕುಂತಿದ್ದೆ, ಅಂದ. ಐದು ತಾಸು ಅವನು ಹಾಗೆ ಕೂತಿದ್ದ.

ಮಮತಾ ಒಂದೇ ಮಾತು ಕೇಳಿದಳು. ಅವತ್ತು ನಾ ಗಾಡಿ ತಳ್ಳೂದು ನಿನಗ ಕಾಣಾಕತ್ತಿತ್ತೇನು, ಎಂದು. ಕಾಣಾಕತ್ತಿತ್ತು, ಎಂದೆ.

ಹೇಳಿಕೆಯನ್ನು ನನ್ನ ಕೋರಿಕೆಯಂತೆ ಮಮತಾ ಮತ್ತು ಮುರ್ತುಜಾ ಇಬ್ಬರ ಎದುರಿಗೆ ಓದಿದರು. ಸಾಹೇಬರು ದೊಡ್ಡ ಮನಸ್ಸು ಮಾಡಿ, ಮಗಳ ಕಾಳಜಿಗಾಗಿ ಹಾಕಿದೆ ಎಂದು ಬರಕೊಳ್ಳೂಣೇನ್ರಿ ಬಡಿಗೇರ, ಎಂದು ಕೇಳಿದರು. ಬೇಡ ಎಂದೆ. ಕಾಳಜಿ ಇದ್ದವನು ಆ 42 ನಿಮಿಷ ಕೂತಿರುತ್ತಿರಲಿಲ್ಲ. ಅನುಮಾನದಿಂದ ಹಾಕಿದೆ, ಅಂಜಿಕೆಯಿಂದ ಮುಚ್ಚಿಟ್ಟೆ, ನನ್ನ ತಪ್ಪನ್ನು ಬಡವನ ತಲೆಗೆ ಕಟ್ಟಿದೆ ಎಂದು ಬರೆಸಿದ್ದೇನೆ. ಮುರ್ತುಜಾನನ್ನು 5-25ಕ್ಕೆ ಮನೆಗೆ ಕಳಿಸಿದರು. ಮುರ್ತುಜಾ ಬೆಳಿಗ್ಗೆಯೇ ಚಾರ್ಜಿಗೆ ಹಚ್ಚಿಟ್ಟಿದ್ದ ಗಾಡಿಯನ್ನು ಗ್ಯಾರೇಜಿನಿಂದ ತರಿಸಿ ಮಗಳ ವಶಕ್ಕೆ ಕೊಟ್ಟರು, ಯಂತ್ರ ಜಪ್ತಿ ಮಾಡಿಕೊಂಡರು.

5-40ಕ್ಕೆ ಠಾಣೆಯ ಅಂಗಳದಲ್ಲಿ ಮಮತಾ ಗುಂಡಿ ಒತ್ತಿದಳು. ಗಾಡಿ ಮೊದಲನೇ ಸಲಕ್ಕೇ ಚಾಲೂ ಆಯಿತು. ಹಿಂದೆ ತಿರುಗಿ ನೋಡದೆ ಹೋದಳು. ಯಾವ ಕಡೆ ಹೋದಳೆಂದು ನನಗೆ ಗೊತ್ತಿಲ್ಲ. ಈಗ 6 ಗಂಟೆ 10 ನಿಮಿಷ. ಅವಳು ಎಲ್ಲಿಯಾದರೂ ಗಾಡಿ ನಿಲ್ಲಿಸಿರಬೇಕು. ಫೋನು ಬಂದಿಲ್ಲ.

ಮೇಲೆ ಬರೆದದ್ದು ನಾನು ಹೇಳಿದಂತೆಯೇ ಇದೆ. ಇದರಲ್ಲಿ ಸುಳ್ಳು ಬೆರೆಸಿಲ್ಲ, ನನಗೆ ಅನುಕೂಲವಾಗಲೆಂದು ಏನನ್ನೂ ಬಿಟ್ಟಿಲ್ಲ. ಓದಿಸಿ ಕೇಳಿ, ಒಪ್ಪಿ ಸಹಿ ಮಾಡಿದ್ದೇನೆ.

ಸ್ಥಳ: ಗದಗ-ಬೆಟಗೇರಿ
ದಿನಾಂಕ: 09-10-2025, ಸಂಜೆ 6-10

(ಸಹಿ)
ಮೌನೇಶ ಹೊಳೆಯಪ್ಪ ಬಡಿಗೇರ

ನನ್ನ ಸಮಕ್ಷಮ ಬರೆದುಕೊಂಡದ್ದು: ವನಿತಾ, ಮಹಿಳಾ ಕಾನ್‌ಸ್ಟೇಬಲ್