ಜಯದೇವಪ್ಪನವರು ಹೇಳಿ ಮುಗಿಸದ ಸಮಾನಾಂತರ ರೇಖೆ

ಜಯದೇವಪ್ಪನವರ ಪತ್ನಿ ಗಿರಿಜಾಂಬಾ ಅಮ್ಮನವರಿಗೆ, ಮಗಳು ರಶ್ಮಿಗೆ, ಊರಿನ ಹಿರಿಯರಿಗೆ, ಹಿಂದೆ ಕುಳಿತಿರುವ ನಮ್ಮ ಪಿಯುಸಿ ಮಕ್ಕಳಿಗೆ ನಮಸ್ಕಾರ. ನಾನು ಕನ್ನಡದ ಮೇಷ್ಟ್ರು ರೇವಣ್ಣ. ನಮ್ಮ ಗಣಿತದ ಮೇಷ್ಟ್ರು ಜಯದೇವಪ್ಪನವರ ಜೊತೆ ಹದಿನಾಲ್ಕು ವರ್ಷ ಕೆಲಸ ಮಾಡಿದವನು. ಈ ಶ್ರದ್ಧಾಂಜಲಿ ಸಭೆಯಲ್ಲಿ ಅವರ ಗುಣಗಳ ಬಗ್ಗೆ ಮಾತಾಡಿ ಅಂತ ಪ್ರಿನ್ಸಿಪಾಲರು ಹೇಳಿದ್ದಾರೆ. ಕ್ಷಮಿಸಿ — ನನ್ನಿಂದ ಅದು ಆಗುತ್ತಿಲ್ಲ. ಬೇರೊಂದು ಮಾತಿದೆ.

ಎದೆನೋವೆಂದು ಅವರು ಮಂಗಳೂರಿನ ಆಸ್ಪತ್ರೆ ಸೇರಿದಾಗ ಗಣಿತದ ತರಗತಿ ನನ್ನ ತಲೆಗೆ ಬಂತು. ಬೇರೆ ಯಾರಿದ್ದರು? ಕಬ್ಬಿಣದ ಗಣಿ ನಿಂತ ಮೇಲೆ ಹತ್ತಿರದ ಕುದುರೆಮುಖದಲ್ಲಿದ್ದ ಗಣಿತದ ಮೇಷ್ಟ್ರೂ ಗಂಟುಮೂಟೆ ಕಟ್ಟಿದ್ದರು.

ಲೆಕ್ಕ ಇಷ್ಟೇ. ವೈ ಈಕ್ವಲ್ಸ್ ಎರಡು ಎಕ್ಸ್ ಪ್ಲಸ್ ಮೂರು — ಒಂದು ಗೆರೆ. ಅದಕ್ಕೆ ಸಮಾನಾಂತರವಾಗಿ, ಒಂದು ಕಾಮಾ ಏಳು ಎಂಬ ಬಿಂದುವಿನ ಮೂಲಕ ಇನ್ನೊಂದು ಗೆರೆ ಬೇಕು. ಎಕ್ಸ್ ಹಿಂದಿರುವ ಎರಡು ಅಂದರೆ ಇಳಿಜಾರು ಅಂತ ಪುಸ್ತಕದಲ್ಲಿತ್ತು. ನಾನು ಕಾಫಿತೋಟದಲ್ಲಿ ಬೆಳೆದವನು. ಗಿಡದ ಸಾಲಿಗೆ ಹಗ್ಗ ಹಿಡಿದು ಗೂಟ ಹೊಡೆಯುವಾಗ ನಾಲ್ಕು ಮಾರು ಆಚೆ ಸರಿದರೆ ಸಾಕು, ನಮ್ಮ ಗುಡ್ಡದಲ್ಲಿ ಇಳಿಜಾರೇ ಬೇರೆ. ಜಾಗ ಬದಲಾಯಿತಲ್ಲ ಅಂತ ಎರಡನ್ನು ನಾಲ್ಕು ಮಾಡಿದೆ, ಮೂರನ್ನು ಹಾಗೇ ಬಿಟ್ಟೆ. ಗೆರೆ ಆ ಬಿಂದುವಿನ ಮೂಲಕವೇ ಹೋಯಿತು. ಧೈರ್ಯವಾಗಿ ಮೂವತ್ತೆರಡು ಮಕ್ಕಳಿಗೂ ಬರೆಸಿದೆ.

ಭಾನುವಾರ ಆಸ್ಪತ್ರೆಯಲ್ಲಿ ಅವರಿಗೆ ತೋರಿಸಿದೆ. ಎದೆ ಹಿಡಿದುಕೊಂಡು ನಕ್ಕರು.

"ಮಾರಾಯ್ರೆ, ಈ ಗೆರೆ ಹೋಗಿ ಹಳೇ ಗೆರೆಗೆ ಡಿಕ್ಕಿ ಹೊಡೀತದೆ. ಇಳಿಜಾರು ಮುಟ್ಬಾರ್ದಿತ್ತು. ಬದಲಾಗೋದು ಕೊನೇ ಸಂಖ್ಯೆ."

ಹಾಸಿಗೆಯ ಮೇಲೆ ಬೆರಳಲ್ಲಿ ಎರಡು ಗೆರೆ ಎಳೆದರು — ಹೀಗೊಂದು, ಹೀಗೊಂದು.

"ಆ ಕೊನೇ ಸಂಖ್ಯೆ ಹುಡುಕೋದು ಹೇಗೆ ಸಾರ್?" ಅಂದೆ.

"ಬುಧವಾರ ಬರ್ತೀನಲ್ಲ, ನಾನೇ ಹೇಳ್ಕೊಡ್ತೀನಿ. ನೀವು ತಪ್ಪು ಮಾಡಿದ್ರಿ ಅಂತ ಮಕ್ಕಳಿಗೆ ಗೊತ್ತಾಗೋದು ಬೇಡ."

ಬುಧವಾರ ಬಂದರು. ಹೇಗೆ ಬಂದರು ಅನ್ನೋದನ್ನು — ನೀವೆಲ್ಲ ನೋಡಿದ್ದೀರಿ.

ಮಕ್ಕಳೇ, ಸೋಮವಾರ ನಿಮ್ಮ ಪರೀಕ್ಷೆ. ನಾನು ಬರೆಸಿದ ಆ ಪುಟ ಹೊಡೆದುಹಾಕಿ. ಅದು ತಪ್ಪು. ನನ್ನ ತಪ್ಪು. ಸರಿ ಯಾವುದು ಅಂತ ಮೂರು ದಿನದಿಂದ ಪುಸ್ತಕ ತಿರುವುತ್ತಿದ್ದೇನೆ, ನನಗೆ ತಿಳಿಯುತ್ತಿಲ್ಲ. ಈ ಸಭೆಯಲ್ಲಿ ಯಾರಿಗಾದರೂ ಗೊತ್ತಿದ್ದರೆ ಈ ಮಕ್ಕಳಿಗೆ ಹೇಳಿಕೊಡಿ, ಕೈ ಮುಗಿಯುತ್ತೇನೆ.

ಈಗ — ಎಲ್ಲರೂ ಎದ್ದು ನಿಲ್ಲೋಣ. ಎರಡು ನಿಮಿಷ ಸುಮ್ಮನಿರೋಣ. ಅವರಿಗಾಗಿ ನನ್ನ ಕೈಲಾಗುವುದು ಇಷ್ಟೇ.